ನಲವತ್ತು ಸಾವಿರ ಪೌಂಡಿನ ಗೆರೆ

ಬ್ರಿಟನ್ನಿನಲ್ಲಿ 2017ರ ಏಪ್ರಿಲ್ 1ರಿಂದ ಈಚೆಗೆ ನೋಂದಣಿಯಾದ ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ರಸ್ತೆ ತೆರಿಗೆಯ ಲೆಕ್ಕ ಹೀಗಿದೆ. ಮೊದಲ ವರ್ಷ ಕಾರು ಉಗುಳುವ ಇಂಗಾಲದ ಡೈಆಕ್ಸೈಡಿಗೆ ತಕ್ಕಂತೆ ಒಂದು ಮೊತ್ತ. ಎರಡನೆಯ ವರ್ಷದಿಂದ ದೊಡ್ಡದು ಚಿಕ್ಕದೆನ್ನದೆ ಎಲ್ಲಕ್ಕೂ ಒಂದೇ ದರ. ಶುರುವಿನಲ್ಲಿ ಅದು ವರ್ಷಕ್ಕೆ 140 ಪೌಂಡ್ ಇತ್ತು. ಕಾರು ಹೊಸದಾಗಿದ್ದಾಗ ಅದರ ಪಟ್ಟಿ ಬೆಲೆ 40,000 ಪೌಂಡ್ ದಾಟಿದ್ದರೆ ಮಾತ್ರ ಆ ದರದ ಮೇಲೆ ಇನ್ನೂ 310 ಪೌಂಡ್ ಸೇರುತ್ತಿತ್ತು. ಇದು ಎರಡನೆಯ ವರ್ಷದಿಂದ ಆರನೆಯ ವರ್ಷದವರೆಗೆ, ಒಟ್ಟು ಐದು ಸಲ. ಕಾನೂನಿನ ಭಾಷೆಯಲ್ಲಿ ಇದೊಂದು ಹೆಚ್ಚುವರಿ ದರ, ಜನರ ಬಾಯಲ್ಲಿ ದುಬಾರಿ ಕಾರಿನ ತೆರಿಗೆ. ಉಳ್ಳವರು ಸ್ವಲ್ಪ ಹೆಚ್ಚು ಕೊಡಲಿ ಎಂಬ ನ್ಯಾಯ ಇದರ ಹಿಂದಿದೆ ಎಂದು ಕೇಳಿದವರಿಗೆಲ್ಲ ಅನ್ನಿಸುತ್ತದೆ. ಆ ನ್ಯಾಯವನ್ನು ನಾನೂ ಒಪ್ಪುತ್ತೇನೆ. ಒಪ್ಪುವುದರಿಂದಲೇ, ಈ ತೆರಿಗೆ ಆ ನ್ಯಾಯವನ್ನು ನಡೆಸುತ್ತಿಲ್ಲ ಎಂದು ಹೇಳಬೇಕಾಗಿದೆ.

ಲೆಕ್ಕವನ್ನೇ ನೋಡೋಣ. 2025ರ ಏಪ್ರಿಲ್‌ನಲ್ಲಿ ಈ ಹೆಚ್ಚುವರಿ ಮೊತ್ತ 425 ಪೌಂಡ್ ಆಯಿತು. 41,000 ಪೌಂಡಿನ ಸಂಸಾರದ ಕಾರಿಗೂ 425, ನಾಲ್ಕು ಲಕ್ಷ ಪೌಂಡಿನ ರೋಲ್ಸ್ ರಾಯ್ಸಿಗೂ ಅದೇ 425. ಮೊದಲನೆಯವನಿಗೆ ಅದು ಕಾರಿನ ಬೆಲೆಯ ನೂರಕ್ಕೆ ಒಂದು ಪಾಲು, ಎರಡನೆಯವನಿಗೆ ಸಾವಿರಕ್ಕೆ ಒಂದು. ಗೆರೆಯ ಈಚೆ ಬದಿಯ ಕಥೆಯೂ ಇಷ್ಟೇ ವಿಚಿತ್ರ. ಸರಿಯಾಗಿ 40,000 ಪೌಂಡಿನ ಕಾರಿಗೆ ಈ ತೆರಿಗೆ ಇಲ್ಲ, ಅದಕ್ಕೆ ಒಂದು ಪೌಂಡ್ ಕೂಡಿದರೆ ಐದು ವರ್ಷದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕಟ್ಟಬೇಕು. ಐಷಾರಾಮದ ಮೇಲಿನ ತೆರಿಗೆ ಐಷಾರಾಮ ಹೆಚ್ಚಿದಂತೆ ಹೆಚ್ಚಬೇಕು. ಇದು ಗೆರೆಯ ಹೊಸ್ತಿಲಲ್ಲಿ ಇರುವವರ ಮೇಲೆ ಭಾರವಾಗಿ ಕೂತು, ಅಲ್ಲಿಂದ ಮೇಲೆ ಹೋದಷ್ಟೂ ಹಗುರವಾಗುತ್ತದೆ. ಇಂಥ ಗೆರೆ ಬ್ರಿಟನ್ನಿನ ತೆರಿಗೆಯ ಚರಿತ್ರೆಯಲ್ಲಿ ಮೊದಲ ಸಲ ಬಿದ್ದದ್ದೇನೂ ಅಲ್ಲ. ಹಿಂದೆಯೂ ಬಿದ್ದಿತ್ತು, ಬಿದ್ದ ಸಂದರ್ಭ ಹೆಚ್ಚುಕಡಿಮೆ ಇದೇ ಆಗಿತ್ತು. ವಾರ್ಷಿಕ ತೆರಿಗೆಯನ್ನು ಎಲ್ಲರಿಗೂ ಸಮ ಮಾಡಿದಾಗ ದೊಡ್ಡ ಕಾರಿನವನಿಗೆ ಸಿಗುವ ಲಾಭ ಕಣ್ಣಿಗೆ ಹೊಡೆಯುತ್ತದೆ. ಆ ಮುಜುಗರವನ್ನು ಮುಚ್ಚಲು ಬೆಲೆಯ ಗೆರೆ ಬೇಕಾಗುತ್ತದೆ. ಸಿರಿವಂತರ ಹೆಸರಿನಲ್ಲಿ ಬಂದ ಆ ಭಾರ ಕೆಲವೇ ವರ್ಷಗಳಲ್ಲಿ ಸಾಧಾರಣ ಮನೆಗಳ ಬಾಗಿಲಿಗೆ ಬರುತ್ತದೆ.

ವಾಹನವನ್ನು ಅಂತಸ್ತಿನ ಗುರುತೆಂದು ನೋಡಿ ತೆರಿಗೆ ಹಾಕುವ ಪದ್ಧತಿ ಕಾರಿಗಿಂತ ಒಂದೂವರೆ ಶತಮಾನ ಹಳೆಯದು. 1747ರಲ್ಲಿ ಬ್ರಿಟಿಷ್ ಸಂಸತ್ತು ಕುದುರೆ ಸಾರೋಟುಗಳ ಮೇಲೆ ವಾರ್ಷಿಕ ಸುಂಕ ಹಾಕಿತು: ನಾಲ್ಕು ಚಕ್ರದ ಗಾಡಿಗೆ 4 ಪೌಂಡ್, ಎರಡು ಚಕ್ರದ್ದಕ್ಕೆ 2 ಪೌಂಡ್. ಸ್ವಂತ ಸಾರೋಟು ಇಟ್ಟುಕೊಳ್ಳುವುದು ಅಂದು ಜಮೀನ್ದಾರರಿಗೆ, ದೊಡ್ಡ ವರ್ತಕರಿಗೆ ಮಾತ್ರ ಸಾಧ್ಯವಿದ್ದದ್ದರಿಂದ ಚಕ್ರ ಎಣಿಸಿದರೆ ಸಾಕಿತ್ತು, ಸಿರಿಯನ್ನು ಬೇರೆ ಅಳೆಯಬೇಕಿರಲಿಲ್ಲ. ಆಡಮ್ ಸ್ಮಿತ್ 1776ರ ತನ್ನ ಮಹಾಗ್ರಂಥದಲ್ಲಿ ಈ ಸುಂಕವನ್ನು ಪ್ರಸ್ತಾಪಿಸುತ್ತಾನೆ. ಸಾರೋಟಿನ ಇಡೀ ಆಯುಷ್ಯದ ತೆರಿಗೆಯನ್ನು ಒಂದೇ ಗಂಟಿನಲ್ಲಿ ಕಟ್ಟುವುದಕ್ಕಿಂತ ವರ್ಷಕ್ಕೆ ನಾಲ್ಕು ಪೌಂಡ್ ಕಟ್ಟುವುದು ಮಾಲೀಕನಿಗೆ ಸುಲಭವೆಂಬುದು ಅವನ ವಾದ. ರಸ್ತೆ ಸುಂಕದ ವಿಷಯದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಖದ ಸಾರೋಟಿಗೆ ಅದರ ತೂಕಕ್ಕೆ ಹೋಲಿಸಿ ನೋಡಿದರೂ ಹೆಚ್ಚು, ಸರಕಿನ ಬಂಡಿಗೆ ಕಡಿಮೆ ಸುಂಕ ಹಾಕಿದರೆ ಉಳ್ಳವರ ಆಡಂಬರವೇ ಬಡವರ ಹೊರೆಯನ್ನು ಇಳಿಸುತ್ತದೆ ಎನ್ನುತ್ತಾನೆ. ಭಾರವಾದ ಸರಕು ಅಗ್ಗದಲ್ಲಿ ಸಾಗಬೇಕು ಎಂಬ ಕಾಳಜಿ ಆ ಮಾತಿನ ಹಿಂದಿದೆ. ದುಬಾರಿ ಕಾರಿನ ತೆರಿಗೆಯನ್ನು ಸಮರ್ಥಿಸುವವರಿಗೆ ಇದಕ್ಕಿಂತ ಘನವಾದ ಆಧಾರ ಸಿಗಲಾರದು. ಆದರೆ ಸ್ಮಿತ್ ಹೇಳಿದ್ದು ತೂಕ ಮತ್ತು ಬಳಕೆಗೆ ತಕ್ಕಂತೆ ಏರಿಳಿಯುವ ಸುಂಕವನ್ನು, ಒಂದು ಗೆರೆಯ ಆಚೆಗಿನವರೆಲ್ಲರಿಗೂ ಒಂದೇ ಮೊತ್ತವನ್ನಲ್ಲ.

ಮೋಟಾರು ಬಂದ ಮೇಲೆ ಚಕ್ರದ ಲೆಕ್ಕ ಉಪಯೋಗಕ್ಕೆ ಬರಲಿಲ್ಲ. ಲಾಯ್ಡ್ ಜಾರ್ಜ್ 1909ರ ಬಜೆಟ್‌ನಲ್ಲಿ ಕಾರಿನ ಅಶ್ವಶಕ್ತಿಯನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ದರ ಕಟ್ಟಿದರು. ಆರೂವರೆ ಅಶ್ವಶಕ್ತಿಯ ಪುಟ್ಟ ಕಾರಿಗೆ 2 ಪೌಂಡ್ 2 ಶಿಲಿಂಗ್. ಅರವತ್ತು ಅಶ್ವಶಕ್ತಿ ಮೀರಿದ ದೈತ್ಯನಿಗೆ 42 ಪೌಂಡ್. ತಳಕ್ಕೂ ತುದಿಗೂ ಇಪ್ಪತ್ತು ಪಟ್ಟು ಅಂತರ. ಜತೆಗೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಮೂರು ಪೆನ್ಸ್ ಸುಂಕ. ಬಂದ ಹಣ ರಸ್ತೆಗೇ ಹೋಗಲಿ ಎಂದು ಒಂದು ರಸ್ತೆ ಮಂಡಳಿಯನ್ನೂ ಮಾಡಿದರು. ಕಾರಿನವರು ಧೂಳೆಬ್ಬಿಸಿ ಹಳ್ಳಿಯ ದಾರಿಗಳನ್ನು ಹಾಳುಮಾಡುತ್ತಿದ್ದಾರೆ, ಅದನ್ನು ಸರಿಪಡಿಸಲು ಅವರೇ ಕೊಡಲಿ ಎಂಬ ಸರಳ ಒಪ್ಪಂದ ಅದು. ಈ ಒಪ್ಪಂದವನ್ನು ಮೊದಲು ಮುರಿದವರು ವಿನ್ಸ್‌ಟನ್ ಚರ್ಚಿಲ್. ಅರ್ಥಸಚಿವರಾಗಿದ್ದ ಅವರು 1926ರಲ್ಲಿ ರಸ್ತೆ ನಿಧಿಯ ಉಳಿತಾಯಕ್ಕೆ ಕೈಹಾಕಿದ್ದಲ್ಲದೆ, ಖಾಸಗಿ ಕಾರುಗಳಿಂದ ಬರುವ ತೆರಿಗೆಯ ಮೂರನೇ ಒಂದು ಪಾಲು ಐಷಾರಾಮದ ಮೇಲಿನ ತೆರಿಗೆಯೆಂದೂ ಅದು ಬೊಕ್ಕಸಕ್ಕೆ ಸೇರತಕ್ಕದ್ದೆಂದೂ ವಾದಿಸಿದರು. ಆ ಹೊತ್ತಿಗೆ ವೈದ್ಯರು, ಅಂಗಡಿಯವರು, ಊರೂರು ಸುತ್ತುವ ಮಾರಾಟಗಾರರು ಕಾರು ಓಡಿಸುತ್ತಿದ್ದರು. ಐಷಾರಾಮ ಎಂಬ ಪದ ಯಾರನ್ನು ಕುರಿತದ್ದು ಎನ್ನುವುದಕ್ಕಿಂತ, ಆ ಪದದ ಬಲದಿಂದ ಹಣ ಯಾವ ಪೆಟ್ಟಿಗೆಗೆ ಹೋಗುತ್ತದೆ ಎನ್ನುವುದೇ ಮುಖ್ಯವಾಯಿತು. 1937ರಿಂದ ಕಾರಿನ ತೆರಿಗೆ ಪೂರ್ತಿಯಾಗಿ ಸಾಮಾನ್ಯ ಬೊಕ್ಕಸಕ್ಕೆ ಸೇರತೊಡಗಿತು. ರಸ್ತೆ ತೆರಿಗೆ ಎಂಬ ಹೆಸರು ಮಾತ್ರ ಇಂದಿಗೂ ಜನರ ಬಾಯಲ್ಲಿ ಉಳಿದಿದೆ.

ನಡುವೆ 1921ರ ಜನವರಿ 1ರಂದು ಬಂದ ದರವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಗಾಜಿಗೆ ಅಂಟಿಸುವ ದುಂಡನೆಯ ಕಾಗದ ಆಗಲೇ ಹುಟ್ಟಿದ್ದು. ದರ ಸರಳವಾಗಿತ್ತು: ಒಂದು ಅಶ್ವಶಕ್ತಿಗೆ ಒಂದು ಪೌಂಡ್. ಆದರೆ ಅಶ್ವಶಕ್ತಿಯನ್ನು ಯಂತ್ರ ನಿಜವಾಗಿ ಕೊಡುವ ಬಲದಿಂದ ಅಳೆಯುತ್ತಿರಲಿಲ್ಲ. ಸಿಲಿಂಡರಿನ ವ್ಯಾಸ ಮತ್ತು ಸಿಲಿಂಡರುಗಳ ಸಂಖ್ಯೆಯನ್ನು ಮಾತ್ರ ಹಿಡಿದು ಸೂತ್ರದಿಂದ ಲೆಕ್ಕ ಹಾಕುತ್ತಿದ್ದರು. ಪಿಸ್ಟನ್ ಎಷ್ಟು ದೂರ ಓಡಾಡುತ್ತದೆ ಎಂಬುದು ಆ ಸೂತ್ರದಲ್ಲಿ ಇರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ತಯಾರಾಗುತ್ತಿದ್ದ ಅಮೆರಿಕದ ಫೋರ್ಡ್ ಮಾಡೆಲ್ ಟಿ ಅಗ್ಗದ, ಜನಸಾಮಾನ್ಯರ ಕಾರು. ಅದರ ಅಗಲ ಸಿಲಿಂಡರಿನಿಂದಾಗಿ ಅದಕ್ಕೆ ಬಿದ್ದದ್ದು ವರ್ಷಕ್ಕೆ 23 ಪೌಂಡ್. ಮುಂದಿನ ವರ್ಷ ಬಂದ ಆಸ್ಟಿನ್ ಸೆವೆನ್‌ಗೆ 8 ಪೌಂಡ್. ಬ್ರಿಟಿಷ್ ತಯಾರಕರು ಕಿರಿದಾದ, ಉದ್ದನೆಯ ಸಿಲಿಂಡರುಗಳ ಎಂಜಿನ್ ಮಾಡುವುದನ್ನು ರೂಢಿ ಮಾಡಿಕೊಂಡರು. ಸುಮಾರು ಕಾಲು ಶತಮಾನ ಇಡೀ ಉದ್ಯಮ ರಸ್ತೆಯ ಅಗತ್ಯಕ್ಕಿಂತ ಸೂತ್ರದ ಅಗತ್ಯಕ್ಕೆ ಎಂಜಿನ್ ಮಾಡಿತು. ಯುದ್ಧ ಮುಗಿದು ರಫ್ತಿನಿಂದ ಹಣ ಗಳಿಸಬೇಕಾಗಿ ಬಂದಾಗ, ಈ ಸಣಕಲು ಎಂಜಿನ್ನುಗಳು ಹೊರದೇಶದ ದೂರದ, ಒರಟು ದಾರಿಗಳಿಗೆ ಹೊಂದುತ್ತಿಲ್ಲವೆಂಬ ದೂರು ಎದ್ದಿತು. ತೆರಿಗೆ ಸಿರಿತನವನ್ನು ನೇರವಾಗಿ ಅಳೆಯಲಾರದೆ ಅದರ ಬದಲಿಗೆ ಬೇರೊಂದು ವಸ್ತುವನ್ನು ಅಳೆದರೆ, ಜನ ಆ ವಸ್ತುವನ್ನೇ ಬಗ್ಗಿಸುತ್ತಾರೆ.

ಹಾಗಾಗಿ 1948ರ ಜನವರಿಯಿಂದ ಹೊಸ ಕಾರುಗಳಿಗೆಲ್ಲ ವರ್ಷಕ್ಕೆ 10 ಪೌಂಡಿನ ಸಮದರ ಬಂತು. ಉದ್ಯಮಕ್ಕೆ ಬಿಡುಗಡೆ ಸಿಕ್ಕಿತು. ಜತೆಗೆ, ಮೂವತ್ತು ಪೌಂಡ್ ಕಟ್ಟಬೇಕಿದ್ದ ದೊಡ್ಡ ಕಾರಿನವನೂ ಹತ್ತೇ ಕಟ್ಟುವಂತಾಯಿತು. ಪಡಿತರ ಚೀಟಿಯಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದ ದೇಶದಲ್ಲಿ, ಅದೂ ಲೇಬರ್ ಸರ್ಕಾರಕ್ಕೆ, ಇದು ಹೇಳಿಕೊಳ್ಳುವಂಥ ವಿಷಯವಲ್ಲ. ಸಮದರದ ನಿರ್ಧಾರವಾದ 1947ರಲ್ಲೇ ಅರ್ಥಸಚಿವ ಹ್ಯೂ ಡಾಲ್ಟನ್ ಖರೀದಿ ತೆರಿಗೆಯಲ್ಲಿ ಒಂದು ಗೆರೆ ಎಳೆದರು. ಮೂಲಬೆಲೆ 1,000 ಪೌಂಡಿನೊಳಗಿನ ಕಾರಿಗೆ ಹಿಂದಿನಂತೆ ಶೇಕಡಾ 33⅓, ಅದನ್ನು ದಾಟಿದರೆ ಎರಡರಷ್ಟು, ಶೇಕಡಾ 66⅔. ಇದು ನಲವತ್ತು ಸಾವಿರದ ಗೆರೆಯ ನೇರ ಪೂರ್ವಜ. ತಯಾರಕರು ಮಾಡಿದ್ದೂ ಇಂದಿನವರು ಮಾಡುವುದನ್ನೇ. 1948ರಲ್ಲಿ ಜಾಗ್ವಾರ್ ಕಂಪನಿ ತನ್ನ ಎಕ್ಸ್‌ಕೆ 120 ಎಂಬ ವೇಗದ ಕಾರನ್ನು ಹೊರತಂದಾಗ ಅದರ ಮೂಲಬೆಲೆಯನ್ನು ಸಾವಿರ ಪೌಂಡಿಗೆ ಸ್ವಲ್ಪ ಕಡಿಮೆಯೇ ಇಟ್ಟಿತು. ಅಂದಿನ ಅತಿ ವೇಗದ ಕಾರುಗಳಲ್ಲಿ ಒಂದಾಗಿದ್ದ ಅದು ತೆರಿಗೆಯ ಕಣ್ಣಿನಲ್ಲಿ ಐಷಾರಾಮಿ ಆಗಲಿಲ್ಲ! ಗೆರೆ ಹೆಚ್ಚು ಕಾಲ ಬಾಳಲೂ ಇಲ್ಲ. ಕೊರಿಯಾ ಯುದ್ಧದ ಖರ್ಚು ಹೆಗಲೇರಿದಾಗ, 1951ರ ಏಪ್ರಿಲ್ ಬಜೆಟ್‌ನಲ್ಲಿ ಹ್ಯೂ ಗೇಟ್‌ಸ್ಕೆಲ್ ಎಲ್ಲ ಕಾರುಗಳ ಖರೀದಿ ತೆರಿಗೆಯನ್ನೂ ಶೇಕಡಾ 66⅔ಕ್ಕೆ ಏರಿಸಿದರು. ನಾಲ್ಕು ವರ್ಷ ಹಿಂದೆ ಸಿರಿವಂತನ ಕಾರಿಗೆಂದು ಬರೆದ ದರ ಗುಮಾಸ್ತನ ಮೋರಿಸ್ ಮೈನರಿಗೂ ಬಂತು. ಐಷಾರಾಮದ ದರವನ್ನು ಒಮ್ಮೆ ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟರೆ, ಹಣದ ಅಡಚಣೆಯಾದಾಗ ಕೈಗೆ ಮೊದಲು ಸಿಗುವುದು ಅದೇ.

ಮುಂದಿನ ಐವತ್ತು ವರ್ಷಗಳ ಕಥೆಯನ್ನು ಬೇಗ ದಾಟಬಹುದು. ಹತ್ತು ಪೌಂಡಿನ ಸಮದರ 1968ರಲ್ಲಿ 25 ಆಯಿತು, 1985ರಲ್ಲಿ 100 ಆಯಿತು. ಖರೀದಿ ತೆರಿಗೆ 1973ರಲ್ಲಿ ಮೌಲ್ಯವರ್ಧಿತ ತೆರಿಗೆಗೆ ದಾರಿ ಬಿಟ್ಟಿತು. ಆಮೇಲೆ 2001ರ ಮಾರ್ಚ್‌ನಿಂದ ನೋಂದಣಿಯಾದ ಕಾರುಗಳಿಗೆ ಹೊಗೆಯ ಅಳತೆಗೋಲು ಬಂತು. ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ನೋಡಿ ಪಂಗಡ ಮಾಡಿದರು. ಕಡಿಮೆ ಉಗುಳುವವರಿಗೆ ತೆರಿಗೆಯೇ ಇಲ್ಲ, ಹೆಚ್ಚು ಉಗುಳುವವರಿಗೆ ಕೊನೆಕೊನೆಗೆ ವರ್ಷಕ್ಕೆ 500 ಪೌಂಡಿಗೂ ಮಿಕ್ಕಿ. ಈ ದರ ತನ್ನ ಕೆಲಸವನ್ನು ಮಾಡಿತು, ಬಹುಶಃ ಬೊಕ್ಕಸಕ್ಕೆ ಬೇಕಾದ್ದಕ್ಕಿಂತ ಚೆನ್ನಾಗಿಯೇ ಮಾಡಿತು. ಕಾರುಗಳು ಕಾಗದದ ಮೇಲೆ ಶುಚಿಯಾಗುತ್ತ ಹೋದವು, ಆದಾಯ ಸೋರತೊಡಗಿತು. 2015ರ ಜುಲೈ 8ರ ಬಜೆಟ್‌ನಲ್ಲಿ ಜಾರ್ಜ್ ಆಸ್ಬಾರ್ನ್ ಎರಡನೆಯ ವರ್ಷದಿಂದ ಸಮದರ ಎಂದರು. ಅಂದರೆ ಸೊನ್ನೆ ಕಟ್ಟುತ್ತಿದ್ದಂಥ ಚಿಕ್ಕ ಕಾರಿಗೆ ಇನ್ನು ಮುಂದೆ 140, ಐನೂರು ಕಟ್ಟುತ್ತಿದ್ದಂಥ ದೊಡ್ಡ ಕಾರಿಗೂ 140. ಡಾಲ್ಟನ್ ಎದುರಿಸಿದ ಮುಜುಗರವೇ ಮತ್ತೆ ಎದುರಾಯಿತು. ಅದಕ್ಕೆ ಹುಡುಕಿದ ಮದ್ದೂ ಅದೇ. ನಲವತ್ತು ಸಾವಿರದ ಗೆರೆ ಸಮದರದ ಜತೆಯಲ್ಲಿ, ಒಂದೇ ಬಜೆಟ್‌ನಲ್ಲಿ ಹುಟ್ಟಿತು. ದೊಡ್ಡ ಕಾರುಗಳ ಮೇಲೆ ಅದುವರೆಗೆ ಇದ್ದ ಭಾರವನ್ನು ಇಳಿಸಿದ ಸುಧಾರಣೆಯೇ ದುಬಾರಿ ಕಾರಿನ ತೆರಿಗೆ ಎಂಬ ಹೆಸರಿನಿಂದ ನೆನಪಿನಲ್ಲಿ ಉಳಿದದ್ದು ಆ ಗೆರೆಯ ಸಾಧನೆ.

ಇದರಲ್ಲಿ ನನಗೆ ತೀರ ಬೇಸರ ತರಿಸುವ ಸಂಗತಿ ಇನ್ನೊಂದಿದೆ. ಹೀಗೆ ಗೆರೆ ದಾಟಿದೊಡನೆ ಒಮ್ಮೆಗೇ ಬೀಳುವ ಭಾರ ತಪ್ಪೆಂದು ಆಸ್ಬಾರ್ನ್ ಅವರಿಗೆ ಗೊತ್ತಿತ್ತು. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಮನೆ ಕೊಳ್ಳುವವರು ಕಟ್ಟುವ ಮುದ್ರಾಂಕ ಶುಲ್ಕ ಹೀಗೇ ಇತ್ತು. ಬೆಲೆ ಒಂದು ಗೆರೆ ದಾಟಿದರೆ ಇಡೀ ಬೆಲೆಗೆ ಹೆಚ್ಚಿನ ದರ ಬೀಳುತ್ತಿತ್ತು, ಅದರಿಂದ ಮನೆಗಳ ಬೆಲೆ ಗೆರೆಯ ಕೆಳಗೆ ಗುಂಪುಗೂಡುತ್ತಿತ್ತು. 2014ರ ಡಿಸೆಂಬರ್‌ನಲ್ಲಿ ಅವರೇ ಅದನ್ನು ಕಿತ್ತುಹಾಕಿ, ಗೆರೆಯಿಂದ ಮೇಲಿನ ಭಾಗಕ್ಕೆ ಮಾತ್ರ ಹೆಚ್ಚಿನ ದರ ಎಂದು ಮಾಡಿದರು. ಒಳ್ಳೆಯ ಸುಧಾರಣೆ. ಅದಾಗಿ ಏಳು ತಿಂಗಳಿಗೆ ಅದೇ ಕೈ ಕಾರುಗಳಿಗೆ ಹೊಸದೊಂದು ಕಡಿದಾದ ಗೆರೆ ಎಳೆಯಿತು. ಫಲವೂ ಮೊದಲೇ ಗೊತ್ತಿದ್ದದ್ದೇ. ಬೆಲೆಪಟ್ಟಿಗಳಲ್ಲಿ ಮೂವತ್ತೊಂಬತ್ತು ಸಾವಿರದ ಒಂಬೈನೂರ ಚಿಲ್ಲರೆಯ ಕಾರುಗಳು ಕಾಣಿಸಿಕೊಂಡವು. ವಿದ್ಯುತ್ ಕಾರುಗಳೂ ಈ ತೆರಿಗೆಗೆ ಮತ್ತೆ ಒಳಪಟ್ಟ 2025ರಲ್ಲಿ ಟೆಸ್ಲಾ ಮಾಡೆಲ್ 3ರ ಆರಂಭದ ಬೆಲೆ 39,990 ಪೌಂಡ್ ಇತ್ತು, ಗೆರೆಗೆ ಹತ್ತು ಪೌಂಡ್ ಈಚೆ. ಕಾರ್ಖಾನೆಯಲ್ಲಿ ಹಾಕಿಸಿಕೊಳ್ಳುವ ಹೆಚ್ಚಿನ ಸೌಕರ್ಯಗಳೂ ಪಟ್ಟಿ ಬೆಲೆಗೆ ಸೇರುತ್ತವೆ. ಗೆರೆಯ ಅಂಚಿನಲ್ಲಿರುವ ಕಾರಿಗೆ ಬೇರೆ ಬಣ್ಣ ಬೇಕೆಂದರೆ ಬಣ್ಣದ ಬೆಲೆಯ ಜತೆಗೆ ಐದು ವರ್ಷದ ಹೆಚ್ಚುವರಿ ತೆರಿಗೆಯನ್ನೂ ಕೊಟ್ಟಂತೆ. ಅಂಗಡಿಯವನು ರಿಯಾಯಿತಿ ಕೊಟ್ಟು ಮೂವತ್ತೆಂಟಕ್ಕೆ ಕೊಟ್ಟರೂ ಪಟ್ಟಿಯಲ್ಲಿ ನಲವತ್ತೊಂದು ಎಂದಿದ್ದರೆ ತೆರಿಗೆ ತಪ್ಪುವುದಿಲ್ಲ.

ಪಟ್ಟಿ ಬೆಲೆಯನ್ನು ಹಿಡಿಯುವುದನ್ನು ಸಮರ್ಥಿಸುವವರ ವಾದ ಹಗುರವಾದದ್ದಲ್ಲ. ನಿಜವಾಗಿ ಕೊಟ್ಟ ಬೆಲೆಯನ್ನು ಮರೆಮಾಚಬಹುದು: ಹಳೆಯ ಕಾರಿನ ವಿನಿಮಯದಲ್ಲಿ ಸೇರಿಸಬಹುದು, ಸಾಲದ ಕಂತಿನಲ್ಲಿ ಅಡಗಿಸಬಹುದು. ಪಟ್ಟಿ ಬೆಲೆ ಬಹಿರಂಗ, ಎಲ್ಲರಿಗೂ ಒಂದೇ, ಅಧಿಕಾರಿ ಯಾರ ಜತೆಗೂ ಚೌಕಾಸಿಗೆ ಕೂರಬೇಕಿಲ್ಲ. ಕಂಪನಿ ಕಾರು ಓಡಿಸುವ ನೌಕರರ ಆದಾಯ ತೆರಿಗೆಗೆ 1994ರಿಂದ ಬ್ರಿಟನ್ ಪಟ್ಟಿ ಬೆಲೆಯನ್ನೇ ಆಧಾರ ಮಾಡಿಕೊಂಡಿದೆ, ಅದು ನಡೆದುಕೊಂಡೂ ಬಂದಿದೆ. ಇಷ್ಟನ್ನು ಒಪ್ಪೋಣ. ಆದರೆ ಕಂಪನಿ ಕಾರಿನ ತೆರಿಗೆಯಲ್ಲಿ ಪಟ್ಟಿ ಬೆಲೆ ಏರಿದಂತೆ ತೆರಿಗೆಯೂ ಏರುತ್ತದೆ, ಅಲ್ಲಿ ಬೆಲೆ ಅಳತೆಗೋಲಾಗಿದೆ. ರಸ್ತೆ ತೆರಿಗೆಯಲ್ಲಿ ಅದು ಬರೀ ಬಾಗಿಲು, ಒಳಗೆ ಬಂದ ಮೇಲೆ ಎಲ್ಲರೂ ಸಮಾನರು. ಅಳೆಯಲು ಇಷ್ಟು ಒಳ್ಳೆಯ ಕೋಲು ಕೈಯಲ್ಲಿ ಇರುವಾಗ ಅಳೆಯದೆ ಬಿಟ್ಟದ್ದಕ್ಕೆ ಸರಳತೆ ಎಂಬ ಕಾರಣ ಸಾಲದು.

ನಲವತ್ತು ಸಾವಿರ ಕೊಟ್ಟು ಕಾರು ಕೊಳ್ಳುವವನಿಗೆ ವರ್ಷಕ್ಕೆ ನಾನೂರು ಪೌಂಡ್ ಏನು ಮಹಾ ಎಂಬುದು ಇನ್ನೊಂದು ಆಕ್ಷೇಪ, ಹೆಚ್ಚು ಜನ ಹೇಳುವುದು ಇದನ್ನೇ. ಈ ಮಾತು ತೆರಿಗೆ ಕಟ್ಟುವವನು ಕಾರು ಕೊಂಡವನೇ ಎಂದು ಊಹಿಸಿಕೊಂಡಿದೆ. ಕಾರು ಮೊದಲ ಮಾಲೀಕನ ಹತ್ತಿರ ಮೂರು ನಾಲ್ಕು ವರ್ಷ ಇದ್ದು ಆಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವುದು ಬ್ರಿಟನ್ನಿನಲ್ಲಿ ತೀರ ಸಾಮಾನ್ಯ, ಏಕೆಂದರೆ ಹೊಸ ಕಾರುಗಳಲ್ಲಿ ಬಹುಪಾಲು ಕಂಪನಿಯ ಹೆಸರಿನಲ್ಲೋ ಕಂತಿನ ಕರಾರಿನಲ್ಲೋ ಹೋಗುತ್ತವೆ. ಹೊಸದಾಗಿದ್ದಾಗ 42,000 ಪೌಂಡಿನ ಕಾರು ನಾಲ್ಕನೆಯ ವರ್ಷದಲ್ಲಿ ಅದರ ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಸಿಗಬಹುದು. ಅದನ್ನು ಕೊಂಡವನು ಬೀದಿಯ ಆಚೆ ಅದಕ್ಕಿಂತ ಹೆಚ್ಚು ಕೊಟ್ಟು ಹೊಸ ಚಿಕ್ಕ ಕಾರು ಕೊಂಡವನಿಗಿಂತ ಬಡವನಿರಬಹುದು. ಆದರೂ ದುಬಾರಿ ಕಾರಿನ ತೆರಿಗೆ ಕಟ್ಟುವವನು ಇವನೇ. 2014ರ ಅಕ್ಟೋಬರ್‌ನಲ್ಲಿ ಕಾಗದದ ದುಂಡು ಚೀಟಿ ರದ್ದಾದಾಗ, ಹಳೆಯ ಮಾಲೀಕ ಕಟ್ಟಿದ ತೆರಿಗೆ ಕಾರಿನ ಜತೆಗೆ ಹೊಸಬನಿಗೆ ಬರುವ ಪದ್ಧತಿಯೂ ನಿಂತಿತು. ಕೊಂಡ ದಿನದಿಂದಲೇ ಹೊಸ ಮಾಲೀಕ ಕಟ್ಟಬೇಕು. ಹಳೆಯ ಕಾರಿನ ಬೆಲೆಯಲ್ಲಿ ಈ ತೆರಿಗೆಯ ಹೊರೆ ಆಗಲೇ ಕಳೆದಿರುತ್ತದೆ, ಆದ್ದರಿಂದ ಕೊನೆಗೆ ಹೊರುವವನು ಮೊದಲ ಮಾಲೀಕನೇ ಎಂದು ಅರ್ಥಶಾಸ್ತ್ರಜ್ಞರು ಹೇಳಬಹುದು. ಎಲ್ಲ ಕೊಳ್ಳುವವರಿಗೂ ಈ ನಿಯಮ ಮೊದಲೇ ತಿಳಿದಿದ್ದರೆ ಆ ವಾದ ನಿಲ್ಲುತ್ತದೆ. ಕಾರಿನ ಮೇಲೆ ಅದರ ಹುಟ್ಟಿನ ಬೆಲೆ ಬರೆದಿರುವುದಿಲ್ಲ. ಗೊತ್ತಿಲ್ಲದೆ ಕೊಂಡು ಆಮೇಲೆ ತಿಳಿದವನಿಗೆ ಬೆಲೆಯಲ್ಲಿ ಏನೂ ಕಳೆದು ಸಿಕ್ಕಿರುವುದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಹಳೆಯ ಕಾರು ನೋಡುವಾಗ ಮೈಲಿಯ ಜತೆಗೆ ಮೊದಲ ನೋಂದಣಿಯ ದಿನಾಂಕವನ್ನೂ ಅಂದಿನ ಪಟ್ಟಿ ಬೆಲೆಯನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ, ಗೆರೆ ಕಾಲದ ಜತೆಗೆ ಮೇಲೆ ಸರಿಯುತ್ತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಸರಿಯಲಿಲ್ಲ. 2017ರಲ್ಲಿ 40,000, 2025ರಲ್ಲಿಯೂ 40,000. ಈ ನಡುವೆ ಹಣದುಬ್ಬರದಿಂದಾಗಿ 2017ರ ನಲವತ್ತು ಸಾವಿರದ ಮೌಲ್ಯ 2025ರ ಲೆಕ್ಕದಲ್ಲಿ ಐವತ್ತು ಸಾವಿರವನ್ನು ದಾಟಿತ್ತು. ಗೆರೆಯನ್ನು ವರ್ಷ ವರ್ಷ ತಿದ್ದುವುದು ಆಡಳಿತಕ್ಕೆ ತೊಡಕು ಎಂಬ ಉತ್ತರ ಬರಬಹುದು. ಅದಕ್ಕೆ ಕಾನೂನಿನ ಇನ್ನೊಂದು ಸಾಲೇ ಎದುರುತ್ತರ: ಹೆಚ್ಚುವರಿ ತೆರಿಗೆಯ ಮೊತ್ತ ಹಣದುಬ್ಬರದ ಜತೆ ಏರುತ್ತಲೇ ಬಂದಿದೆ. 2019ರಲ್ಲಿ 320, 2021ರಲ್ಲಿ 335, 2023ರಲ್ಲಿ 390, 2025ರಲ್ಲಿ 425. ಬೆಲೆಗಳು ಏರುತ್ತಿವೆ ಎಂಬುದು ತಾನು ಪಡೆಯುವಾಗ ಸರ್ಕಾರಕ್ಕೆ ನೆನಪಿದೆ, ಯಾರಿಂದ ಪಡೆಯಬೇಕೆಂದು ನಿರ್ಧರಿಸುವಾಗ ಇಲ್ಲ. 1951ರಲ್ಲಿ ಗೇಟ್‌ಸ್ಕೆಲ್ ಸಂಸತ್ತಿನಲ್ಲಿ ಎದ್ದುನಿಂತು ಎಲ್ಲರಿಗೂ ದರ ಏರಿಸುತ್ತೇನೆಂದು ಹೇಳಬೇಕಾಯಿತು, ಅದಕ್ಕೆ ಬೈಗುಳವನ್ನೂ ಕೇಳಬೇಕಾಯಿತು. ಈಗ ಯಾರೂ ಏನೂ ಹೇಳಬೇಕಿಲ್ಲ, ಗೆರೆಯನ್ನು ಮುಟ್ಟದೆ ಸುಮ್ಮನಿದ್ದರೆ ಸಾಕು. ಸದನದಲ್ಲಿ ಚರ್ಚೆಯಾಗದೆ ಏರುವ ತೆರಿಗೆ ನನ್ನ ಮಟ್ಟಿಗೆ ಚರ್ಚೆಯಾಗಿ ಏರುವ ತೆರಿಗೆಗಿಂತ ಕೆಟ್ಟದ್ದು, ಮೊತ್ತ ಎಷ್ಟೇ ಚಿಕ್ಕದಿದ್ದರೂ.

ವಿದ್ಯುತ್ ಕಾರುಗಳ ವಿಷಯದಲ್ಲಿ ಈ ಗೆರೆಯ ದೌರ್ಬಲ್ಯ ಪೂರ್ತಿ ಬಯಲಾಯಿತು. 2017ರಲ್ಲಿ ಹೊಗೆಯಿಲ್ಲದ ಕಾರಿಗೆ ಸಮದರದಿಂದ ವಿನಾಯಿತಿ ಇತ್ತು, ಬೆಲೆ ಗೆರೆ ದಾಟಿದರೆ 310ರಿಂದ ಇರಲಿಲ್ಲ. 2020ರ ಏಪ್ರಿಲ್‌ನಿಂದ ಅದರಿಂದಲೂ ವಿನಾಯಿತಿ ಕೊಟ್ಟರು. 2025ರ ಏಪ್ರಿಲ್‌ನಿಂದ ಎರಡೂ ವಿನಾಯಿತಿ ಹೋದವು, ಹೊಸದಾಗಿ ನೋಂದಣಿಯಾದ ವಿದ್ಯುತ್ ಕಾರು ನಲವತ್ತು ಸಾವಿರ ದಾಟಿದರೆ ಹೆಚ್ಚುವರಿ ತೆರಿಗೆ ಕಟ್ಟಬೇಕಾಯಿತು. ಎಂಟು ವರ್ಷದಲ್ಲಿ ಮೂರು ನಿಲುವು! ವಿದ್ಯುತ್ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದೇ ಅಳತೆಯ, ಅದೇ ಸೌಕರ್ಯದ ಪೆಟ್ರೋಲ್ ಕಾರಿಗಿಂತ ಅದು ದುಬಾರಿಯಾಗುವುದು ಚರ್ಮದ ಸೀಟಿನಿಂದಲ್ಲ. ಹೊಗೆಯ ಕಾರುಗಳನ್ನು ಬಿಡಿ ಎಂದು ಒಂದು ಕೈಯಲ್ಲಿ ಜನರನ್ನು ಕರೆದು, ಕರೆಗೆ ಓಗೊಟ್ಟವರನ್ನು ಐಷಾರಾಮಿಗಳ ಸಾಲಿಗೆ ಸೇರಿಸಿದಂತಾಯಿತು. ಸಿಲಿಂಡರಿನ ವ್ಯಾಸ ಅಳೆದು ಮಾಡೆಲ್ ಟಿಯನ್ನು ಶ್ರೀಮಂತರ ಕಾರೆಂದು ತಿಳಿದ 1921ರ ಸೂತ್ರ ಮಾಡಿದ್ದೂ ಇದನ್ನೇ.

ಬೇರೆ ದಾರಿ ಇಲ್ಲವೇ ಎಂದರೆ, ಇದೆ, ಬಹಳ ವರ್ಷಗಳಿಂದ ನಡೆಯುತ್ತಲೂ ಇದೆ. ಆಸ್ಟ್ರೇಲಿಯಾ 2000ರ ಜುಲೈಯಿಂದ ಐಷಾರಾಮಿ ಕಾರಿನ ತೆರಿಗೆ ವಸೂಲು ಮಾಡುತ್ತಿದೆ. ಆರಂಭದಲ್ಲಿ ದರ ಶೇಕಡಾ 25, 2008ರಿಂದ 33. ಬ್ರಿಟನ್ನಿನದಕ್ಕಿಂತ ಎಷ್ಟೋ ಕಠಿಣ. ಆದರೆ ತೆರಿಗೆ ಬೀಳುವುದು ಗೆರೆಯಿಂದ ಮೇಲಿನ ಭಾಗಕ್ಕೆ ಮಾತ್ರ, ಗೆರೆಯನ್ನು ಬೆಲೆಗಳ ಸೂಚ್ಯಂಕ ನೋಡಿ ತಿದ್ದುವ ಏರ್ಪಾಡೂ ಇದೆ. 55,134 ಡಾಲರಿನಿಂದ ಹೊರಟ ಗೆರೆ 2024ರ ಹೊತ್ತಿಗೆ 80,567 ಡಾಲರಿಗೆ ಬಂದಿತ್ತು. ಇಂಧನ ಉಳಿಸುವ ಕಾರುಗಳಿಗೆ ಅದಕ್ಕಿಂತ ಮೇಲೆ ಬೇರೊಂದು ಗೆರೆ. ಆ ತೆರಿಗೆಯ ಮೇಲೆ ಬೇರೆ ಆಕ್ಷೇಪಗಳಿವೆ. ಗೆರೆಯನ್ನು ನಡೆಸುವ ಬಗೆಯಲ್ಲಿ ಮಾತ್ರ ಅದು ಪ್ರಾಮಾಣಿಕವಾಗಿದೆ. ನಮ್ಮ ಕರ್ನಾಟಕ ಎರಡರ ನಡುವೆ ಎಲ್ಲೋ ನಿಂತಿದೆ. ಇಲ್ಲಿ ಕಾರಿನ ತೆರಿಗೆ ಬೆಲೆಯ ಶೇಕಡಾವಾರು, ಅದೂ ಆಜೀವ ತೆರಿಗೆಯಾಗಿ ಒಂದೇ ಸಲ: 5 ಲಕ್ಷದವರೆಗೆ ಶೇಕಡಾ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಮೇಲ್ಪಟ್ಟರೆ 18, ಮೇಲೆ ಸೆಸ್. ಕೋಟಿ ರೂಪಾಯಿಯ ಕಾರು ಹದಿನೆಂಟು ಲಕ್ಷ ಕಟ್ಟುತ್ತದೆ. ಬ್ರಿಟನ್ನಿನ ಪದ್ಧತಿಗಿಂತ ಇದು ನ್ಯಾಯಕ್ಕೆ ಹತ್ತಿರ. ಆದರೆ ಹತ್ತು ಲಕ್ಷದ ಕಾರಿಗೆ 1.40 ಲಕ್ಷ ಇದ್ದ ತೆರಿಗೆ, ಬೆಲೆ ಆ ಗೆರೆಯನ್ನು ಒಂದಿಷ್ಟು ದಾಟಿದರೂ ಇಡೀ ಬೆಲೆಗೆ ಶೇಕಡಾ 17 ಆಗಿ 1.70 ಲಕ್ಷಕ್ಕೆ ಹಾರುತ್ತದೆ. ಬೆಲೆಗಳು ಏರಿದಂತೆ ಗೆರೆಯೂ ಏರಬೇಕೆಂಬ ನಿಯಮ ಇಲ್ಲಿಯೂ ಇಲ್ಲ. 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡಾ 10ರ ತೆರಿಗೆ ಹಾಕಿದಾಗಲೂ ಆ ನಿಯಮ ಬರಲಿಲ್ಲ. ದರದ ಏಣಿ ಕಡಿದಾದಷ್ಟೂ ಜನ ಪಕ್ಕದ ದಾರಿ ಹುಡುಕುತ್ತಾರೆ: ಪುದುಚೇರಿಯ ನಂಬರ್ ಹೊತ್ತು ಬೆಂಗಳೂರಿನಲ್ಲಿ ಓಡುವ ಭಾರಿ ಬೆಲೆಯ ಕಾರುಗಳನ್ನು ಸಾರಿಗೆ ಇಲಾಖೆಯವರು ವರ್ಷಗಳಿಂದ ಹಿಡಿಯುತ್ತಲೇ ಇದ್ದಾರೆ. ಗೆರೆ ಎಳೆಯುವ ಅಧಿಕಾರ ನಮ್ಮ ಶಾಸಕರ ಕೈಯಲ್ಲೂ ಇದೆ. ಮುಂದಿನ ಸಲ ಎಳೆಯುವಾಗ, ಅದು ಯಾವ ಸೂಚ್ಯಂಕದ ಜತೆ ಎಷ್ಟು ವರ್ಷಕ್ಕೊಮ್ಮೆ ಸರಿಯಬೇಕು ಎಂಬುದನ್ನು ಅದೇ ಕಲಮಿನಲ್ಲಿ ಬರೆಯಲಿ ಎಂದು ಕೇಳುತ್ತೇನೆ.

ಬ್ರಿಟನ್ ಈ ಪಾಠವನ್ನು ಅರ್ಧ ಕಲಿತಿದೆ. 2025ರ ನವೆಂಬರ್ ಬಜೆಟ್‌ನಲ್ಲಿ ರೇಚಲ್ ರೀವ್ಸ್ ವಿದ್ಯುತ್ ಕಾರುಗಳ ಮಟ್ಟಿಗೆ ಗೆರೆಯನ್ನು 2026ರ ಏಪ್ರಿಲ್‌ನಿಂದ 50,000 ಪೌಂಡಿಗೆ ಏರಿಸುವುದಾಗಿ ಹೇಳಿದರು. ಗೆರೆಯನ್ನು ಸರಿಸುವುದು ಆಡಳಿತಕ್ಕೆ ಅಸಾಧ್ಯವಲ್ಲ ಎಂಬುದು ಅದರಿಂದ ಸಿದ್ಧವಾಯಿತು. ಅದೇ ಬಜೆಟ್ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಗೆರೆಯನ್ನು ಮುಟ್ಟಲಿಲ್ಲ. ಅದು 2015ರಲ್ಲಿ ಆಸ್ಬಾರ್ನ್ ಪ್ರಕಟಿಸಿದ 40,000 ಪೌಂಡಿನಲ್ಲೇ ನಿಂತಿದೆ.